ಬ್ರೋಕರನ ಮೌನವ್ರತ

ಬೆಂಗಳೂರಿನ ಬ್ರೋಕರಿಗೆ ತನ್ನ ಏರಿಯಾದಲ್ಲಿ ಗೊತ್ತಿಲ್ಲದ ಮನೆಯಿಲ್ಲ. ಯಾವ ಬೋರ್‌ವೆಲ್ ಮಾರ್ಚಿಗೇ ಬತ್ತುತ್ತದೆ, ಯಾವ ಅಣ್ಣತಮ್ಮಂದಿರ ಪಾಲಿನ ದಾವೆ ಕೋರ್ಟಿನಲ್ಲಿದೆ, ಯಾವ ಬಿಲ್ಡಿಂಗಿಗೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಎನ್ನುವ ಸರ್ಕಾರಿ ಪತ್ರ, ಸಿಗುವ ಮಾತೇ ಇಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲೇ. ಬಾಯಿಂದ ಹೊರಬೀಳುವುದು ಮಾತ್ರ "ಪೇಪರ್ಸ್ ಎಲ್ಲಾ ಕ್ಲಿಯರ್ ಸಾರ್".

ಪಾಪ, ಅವನನ್ನು ಬೈಯಬೇಡಿ. ಎಚ್ಚರದಿಂದ ನೋಡಿದರೂ ಕೊಳ್ಳುವವರ ಕಣ್ಣಿಗೆ ಬೀಳದ ದೊಡ್ಡ ದೋಷವಿದ್ದರೆ ಹೇಳಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು. ಹೇಳಬೇಕಾದವನು ಮಾರುವವನು. ನಡುವೆ ನಿಂತು ಎರಡೂ ಕಡೆ ಕಮಿಷನ್ ಎಣಿಸುವವನ ಸುದ್ದಿ ಅಲ್ಲಿಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಏಜೆಂಟನಿಗೆ ಸುಳ್ಳು ಹೇಳಬೇಡ ಎಂದಿತು, ದಿನಕ್ಕೆ 10,000 ರೂಪಾಯಿ ದಂಡವನ್ನೂ ಬರೆಯಿತು. ಆದರೆ ಅದು ರೇರಾ ನೋಂದಣಿ ಬೇಕಾದ ಪ್ರಾಜೆಕ್ಟುಗಳಿಗೆ. ಹಳೇ ಮನೆಯ ರೀಸೇಲಿಗೆ ಬ್ರೋಕರನ ಆತ್ಮಸಾಕ್ಷಿಯೇ ಗತಿ.

ಆ ಆತ್ಮಸಾಕ್ಷಿಯ ಕೆಲಸ ಗೋಡೆಯ ಮೇಲೆ ಕಾಣುತ್ತದೆ. ಮನೆ ತೋರಿಸುವುದು ಏಪ್ರಿಲಿನಲ್ಲಿ. ಹೊಸ ಪುಟ್ಟಿ ಒಂದೇ ಗೋಡೆಗೆ, ಅದೂ ನೆಲದಿಂದ ಎರಡಡಿವರೆಗೆ. ನೆಲದ ತೇವ ಇಟ್ಟಿಗೆಯೊಳಗೆ ಹತ್ತಿ ಬಿಳಿ ಉಪ್ಪು ಕಕ್ಕುವುದು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಮೇಲೆ ಬಳಿದ ಬಣ್ಣ ಮುಂದಿನ ಮಳೆಗಾಲಕ್ಕೆ ಉಬ್ಬಿ ಉದುರುತ್ತದೆ, ಅಷ್ಟರೊಳಗೆ ರಿಜಿಸ್ಟ್ರೇಷನ್ ಮುಗಿದಿರುತ್ತದೆ. ಅನುಮಾನವಿದ್ದರೆ ಮೇನ್ ಆಫ್ ಮಾಡಿಸಿ, ಕೆಳಗಿನ ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚಿಸಿ. ತುಕ್ಕು ಹಿಡಿದ ಸ್ಕ್ರೂಗೆ ಕಮಿಷನ್ ಇಲ್ಲ, ನಿಜ ಹೇಳುತ್ತದೆ.

ಇನ್ನು ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ. "ಮೂವತ್ತು ವರ್ಷದ್ದು ತೆಗೆಸಿದೀನಿ, ನೋಡಿ" ಎಂದು ಮುಖಕ್ಕೇ ಹಿಡಿಯುತ್ತಾನೆ. ಅದರಲ್ಲಿರುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಳೆನೀರು ಹರಿಯುವ ರಾಜಕಾಲುವೆ ಯಾವತ್ತೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತಿಲ್ಲವಲ್ಲ! ಹಳ್ಳ ಎಲ್ಲಿ ಹರಿಯುತ್ತಿತ್ತು ಎಂದು ತಿಳಿಯಲು ಸರ್ವೆ ನಂಬರನ್ನು ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಹಾಕಿ, ಗ್ರಾಮ ನಕಾಶೆಯ ಪಕ್ಕದಲ್ಲಿಟ್ಟು ನೋಡಬೇಕು. ದಾವೆ ಇದೆಯೇ ಎಂದು ತಿಳಿಯಲು ಮಾಲೀಕರ ಹೆಸರನ್ನು ನ್ಯಾಯಾಲಯಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹುಡುಕಬೇಕು. 2022ರ ಸೆಪ್ಟೆಂಬರಿನ ಪ್ರವಾಹದಲ್ಲಿ ಬೆಂಗಳೂರಿನ ಯಮಲೂರಿನ ಶ್ರೀಮಂತರು ಟ್ರ್ಯಾಕ್ಟರ್ ಹತ್ತಿ ಹೊರಬಂದರಲ್ಲ, ಬ್ರೋಕರ್ ಭಾಷೆಯಲ್ಲಿ ಅಂಥ ಜಾಗಕ್ಕೆ "ಲೇಕ್ ವ್ಯೂ" ಎನ್ನುತ್ತಾರೆ.

ಇದೆಲ್ಲ ರಗಳೆ ಅನ್ನಿಸಿದರೆ ಮೂರೇ ಪ್ರಶ್ನೆ ವಾಟ್ಸಾಪಿಗೆ ಹಾಕಿ: ಮನೆಗೆ ನೀರು ನುಗ್ಗಿತ್ತೇ? ಕೇಸಿದೆಯೇ? ಓಸಿ ಇದೆಯೇ? ಬ್ಲೂ ಟಿಕ್ ತಕ್ಷಣ ಬೀಳುತ್ತದೆ. ಉತ್ತರ ಬರಹದಲ್ಲಿ ಬರುವುದಿಲ್ಲ, ಫೋನೇ ಬರುತ್ತದೆ: "ಸಾರ್, ಎದುರಿಗೆ ಮಾತಾಡೋಣ ಬನ್ನಿ. ಇನ್ನೊಂದು ಪಾರ್ಟಿ ಟೋಕನ್ ಅಡ್ವಾನ್ಸ್ ಹಿಡ್ಕೊಂಡು ಕೂತಿದಾರೆ."