ಆ ಖುಷಿಯನ್ನು ಒಂದು ನಿಮಿಷ ಇರಲು ಬಿಡಿ

2025ರ ಜನವರಿ. ಅಮೆರಿಕದ ಗೋಲ್ಡನ್ ಗ್ಲೋಬ್ ಪ್ರಶಸ್ತಿ ವೇದಿಕೆಯಲ್ಲಿ ಹಾಲಿವುಡ್ ನಟಿ ಡೆಮಿ ಮೂರ್ ನಿಂತಿದ್ದರು. 45 ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಕೆಲಸ ಮಾಡುತ್ತಿದ್ದೇನೆ, ನಟಿಯಾಗಿ ಏನಾದರೂ ಗೆದ್ದದ್ದು ಇದೇ ಮೊದಲು ಅಂದರು. ನನಗೆ ಗಂಟಲು ಕಟ್ಟಿತು. ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ಅಷ್ಟರಲ್ಲೇ ಗೆಳೆಯರ ಗುಂಪಿನಲ್ಲಿ ಟಣ್ ಅಂತ ಮೆಸೇಜು: 'ಆಸ್ಕರ್ ಪಕ್ಕಾ!' ಅವರಿನ್ನೂ ವೇದಿಕೆಯಿಂದ ಇಳಿದಿರಲಿಲ್ಲ ಕಣ್ರೀ!

ಪ್ರತಿ ವರ್ಷ ಇದೇ ಗೋಳು. ಒಂದು ಪ್ರಶಸ್ತಿ ಕೊಟ್ಟರೆ ಸಾಕು, ಮುಂದಿನದರ ಲೆಕ್ಕ ಶುರು. ಇದು ಬಂದರೆ ಅದು ಬರುತ್ತೆ, ಅದು ಬಂದರೆ ಆಸ್ಕರ್ ಬರುತ್ತೆ. ನಟನೆ ಹೇಗಿತ್ತು, ಯಾವ ದೃಶ್ಯ ಕಾಡಿತು? ಯಾರೂ ಕೇಳಲ್ಲ. ಸಿನಿಮಾ ನೋಡದವರೂ ಭವಿಷ್ಯ ಹೇಳುತ್ತಾರೆ! ಗ್ಲೋಬ್‌ಗೆ ವೋಟು ಹಾಕುವವರು ಪತ್ರಕರ್ತರು, ಆಸ್ಕರ್‌ಗೆ ಹಾಕುವವರು ಸಿನಿಮಾದವರು. ಇಬ್ಬರ ಮನಸ್ಸೂ ಒಂದೇ ಇರಬೇಕು ಅಂತ ಯಾಕೆ ಹಟ?

ಮಾರ್ಚ್‌ನಲ್ಲಿ ಆಸ್ಕರ್ ಇನ್ನೊಬ್ಬ ನಟಿ ಮೈಕಿ ಮ್ಯಾಡಿಸನ್‌ಗೆ ಹೋಯಿತು. ಆ ಹುಡುಗಿಗೆ ಆಗ ಬರೀ 25 ವರ್ಷ. ಅವಳ ಬಗ್ಗೆ ಒಂದು ಒಳ್ಳೆಯ ಮಾತಾದರೂ ಬಂತಾ? ಇಲ್ಲ. 'ಅಯ್ಯೋ, ಡೆಮಿ ಸೋತುಬಿಟ್ಟರು' ಅಂತ ಅದೇ ಗುಂಪಿನಲ್ಲಿ ಗೋಳಾಟ. ಸೋತದ್ದು ಎಲ್ಲಿ ರೀ? ಜನವರಿಯಲ್ಲಿ ಅವರು ಗೆದ್ದದ್ದು ಸುಳ್ಳಾಗಿಹೋಯಿತಾ?