ತುಂಡು ಹೊಲ ಕೂಡಿಸಿ ಚೌಕ ಮಾಡಬೇಕಾ?

ಪರ: ಅಣ್ಣ, ಪುಣೆಯಿಂದ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಹತ್ತಿರ ನಮ್ಮ ಹೊಲ ಮೂರು ಕಡೆ ಹಂಚಿಹೋಗಿದೆ. ಒಂದು ತುಂಡು ಬರೀ 18 ಗುಂಟೆ, ಉದ್ದಕ್ಕೆ ಪಟ್ಟಿಯ ಹಾಗೆ. ಟ್ರ್ಯಾಕ್ಟರ್ ತಿರುಗಿಸುವಾಗ ಪಕ್ಕದವರ ಬದು ಕೆಡುತ್ತದೆ. ಪ್ರತಿ ಸಲ ಜಗಳ. ಪುಣೆಯಿಂದ ರಜೆ ಹಾಕಿ ಎರಡು ಸಲ ಮೋಜಣಿಗೆ, ಅಂದರೆ ಹೊಲ ಅಳೆಸಲು, ಹೋದೆ. ಗಡಿಕಲ್ಲೇ ಸಿಗಲಿಲ್ಲ.

ಅಷ್ಟೂ ಜಮೀನು ಒಂದೇ ಕಡೆ ಸಿಕ್ಕರೆ ಒಂದು ಬೋರ್, ಒಂದು ಪೈಪ್‌ಲೈನ್, ಒಂದು ದಾರಿ ಸಾಕು. ತುಂಡು ಜಮೀನು ತಡೆದು ಕೂಡಿಸಲು ಮುಂಬೈ ಪ್ರಾಂತ್ಯ 1947ರಲ್ಲೇ ಕಾನೂನು ತಂದಿತ್ತು. ಅಮೆರಿಕದ 1785ರ ಕಾನೂನು ನೆಲಕ್ಕೆ ಆರು ಮೈಲಿಯ ಚೌಕಗಳನ್ನು ಹಾಕಿತು. ಒಂದೊಂದರಲ್ಲೂ 640 ಎಕರೆಯ 36 ಭಾಗ. ಎಷ್ಟೋ ಕಡೆ ಆ ಗೆರೆಗುಂಟವೇ ರಸ್ತೆ ಬಂತು. ಹೊಲಕ್ಕೆ ಹೋಗಲು ಇನ್ನೊಬ್ಬರ ಬೆಳೆ ತುಳಿಯಬೇಕಿಲ್ಲ. ನಮಗೆ ಬೇಕಿರುವುದೂ ಅದೇ, ಅಲ್ವಾ?

ವಿರೋಧ: ತಂಗಿ, ಪಿಂಪ್ರಿಯಿಂದ

ಅಣ್ಣ, ದಾರಿ ಬೇಕು, ಒಪ್ಪುತ್ತೇನೆ. ಆದರೆ ಆ ಮೂರು ತುಂಡು ಸುಮ್ನೆ ಚದುರಿದ್ದಲ್ಲ. ಹಳ್ಳದ ಪಕ್ಕದ್ದು ಎರೆ, ಅಂದರೆ ಕಪ್ಪು ಮಣ್ಣು, ಹಿಂಗಾರಿ ಬಿಳಿಜೋಳಕ್ಕೆ. ಮೇಲಿನದು ತೆಳು ಮಣ್ಣು, ತೊಗರಿಗೆ. ಮಳೆ ಜಾಸ್ತಿಯಾಗಿ ಎರೆಯಲ್ಲಿ ನೀರು ನಿಂತ ವರ್ಷ ನಮ್ಮನ್ನು ಸಾಕಿದ್ದು ಆ ತೊಗರಿಯೇ. ಅಜ್ಜ ಪಾಲು ಮಾಡುವಾಗ ಎಲ್ಲರಿಗೂ ಎರಡೂ ಮಣ್ಣು ಸಿಗಲಿ ಅಂತ ನೋಡಿದ. ಈಗ ಕೂಡಿಸುವಾಗ ಎರೆ ಯಾರಿಗೆ, ಕಲ್ಲುಭೂಮಿ ಯಾರಿಗೆ?

ನೀನು ಅಮೆರಿಕದ ಉದಾಹರಣೆ ಕೊಟ್ಟೆ. ಪುಣೆ ಜಿಲ್ಲೆಯ ಇಂದಾಪುರವನ್ನೇ ನೋಡು. 1830ರ ಸುಮಾರಿಗೆ ಬ್ರಿಟಿಷ್ ಅಧಿಕಾರಿ ಪ್ರಿಂಗಲ್ ಅಲ್ಲಿ ಅಳೆದು ಕಂದಾಯ ಕಟ್ಟಿದ. ಲೆಕ್ಕ ತಪ್ಪಿತ್ತು, ಭಾರ ತಾಳದೆ ರೈತರು ಹೊಲ ಬೀಳುಬಿಟ್ಟರು. 1836ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಕಂದಾಯದ ದರ ಇಳಿಸಿದರು. ಅವರು ಬೆಳೆಸಿದ ಪದ್ಧತಿಯಲ್ಲಿ ಮಣ್ಣಿನ ಬಣ್ಣ, ಆಳ ನೋಡಿ ದರ ಹಾಕುತ್ತಿದ್ದರು. ಧಾರವಾಡ, ಬೆಳಗಾವಿಗೆ ಸರ್ವೆ ನಂಬರ್ ಬಂದದ್ದೂ ಅದೇ ಪದ್ಧತಿಯಿಂದ. ಅಳೆಯಲು 33 ಅಡಿ ಸರಪಳಿ, ಅದರಲ್ಲಿ ಆಣೆ ಅನ್ನುವ 16 ಸಮಭಾಗ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ಅಳತೆ ಚೌಕದ್ದೇ. ಹೊಲ ಮಾತ್ರ ಹಳ್ಳ ಬಾಗಿದ ಕಡೆ ಬಾಗಿತು.

ಇನ್ನು ಮನೆ. ಅಮೆರಿಕದಲ್ಲಿ 1862ರಿಂದ 160 ಎಕರೆ ಕೊಟ್ಟು, ಅಲ್ಲೇ ವಾಸ ಮಾಡಬೇಕು ಅಂದರು. ಅಂಥ ಚೌಕದ ಒಂದು ಬದಿಯೇ ಅರ್ಧ ಮೈಲಿ. ನಮ್ಮಲ್ಲಿ ಮನೆಗಳೆಲ್ಲ ಗಾವಠಾಣದಲ್ಲಿ, ಅಂದರೆ ಊರಿನ ಮನೆಗಳ ಜಾಗದಲ್ಲಿ, ಸುತ್ತ ಹೊಲ. ಅವ್ವ ಒಬ್ಬಳೇ ಇದ್ದಾಳೆ. ರಾತ್ರಿ ಕೆಮ್ಮಿದರೆ ಗೋಡೆಯಾಚೆ ಕಾಕುಗೆ (ಚಿಕ್ಕಮ್ಮನಿಗೆ) ಕೇಳುತ್ತದೆ. ಜಮೀನು ಒಂದೇ ಕಡೆ ಆದರೆ ಅಲ್ಲೇ ಮನೆ ಕಟ್ಟೋಣ ಅಂತೀಯ, ನನಗೆ ಗೊತ್ತು.

ದೀಪಾವಳಿಗೆ ಊರಿಗೆ ಹೋದಾಗ ದಾರಿಯ ಮಾತು ಎತ್ತೋಣ. ಗಡಿಕಲ್ಲು ಮತ್ತೆ ನೆಡಿಸೋಣ. ಆ 18 ಗುಂಟೆ ಬೇಕಾದರೆ ಪಕ್ಕದವರಿಗೇ ಕೊಡು. ಹಳ್ಳದ ಎರೆ ಮಾತ್ರ ಯಾರು ಕೇಳಿದರೂ ಬದಲಿಗೆ ಬಿಡಬೇಡ.