ಪೋಪ್ ಹೆಂಗಸರಿಗೆ ಗುರುದೀಕ್ಷೆ ಕೊಟ್ಟಿಲ್ಲ

ಕಾರವಾರ, ಹೊನ್ನಾವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘2021ರಲ್ಲಿ ಪೋಪ್ ಫ್ರಾನ್ಸಿಸ್ ಹೆಂಗಸರೂ ಪಾದ್ರಿಯಾಗಲು ಅನುಮತಿ ಕೊಟ್ಟರು, ಅದಕ್ಕೂ ಮುಂಚೆ ಹೆಂಗಸರು ಪೀಠದ ಬಳಿ ನಿಂತು ಬೈಬಲ್ ಓದುವಂತೆಯೂ ಇರಲಿಲ್ಲ.’ ಎರಡೂ ತಪ್ಪು.

2021ರ ಜನವರಿಯಲ್ಲಿ ಆದದ್ದಿಷ್ಟು. ವಾಚಕ (ಪೂಜೆಯಲ್ಲಿ ಬೈಬಲ್ ಓದುವವರು) ಮತ್ತು ಪೀಠಸೇವಕ (ಪೀಠದ ಬಳಿ ಪಾದ್ರಿಗೆ ನೆರವಾಗುವವರು) ಎಂಬ ಎರಡು ಸೇವೆಗಳನ್ನು ವಿಧಿವತ್ತಾಗಿ, ಕಾಯಂ ಆಗಿ ವಹಿಸಿಕೊಡುವುದು ಗಂಡಸರಿಗೆ ಮಾತ್ರ ಎಂದು ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿತ್ತು. ‘ಗಂಡಸರು’ ಎಂಬ ಆ ಮಾತನ್ನು ಪೋಪ್ ತೆಗೆದರು. ಇವು ಶ್ರೀಸಾಮಾನ್ಯರ, ಅಂದರೆ ದೀಕ್ಷೆ ಪಡೆಯದ ಭಕ್ತರ ಸೇವೆಗಳು; ಪಾದ್ರಿಯಾಗಲು ಪಡೆಯುವ ಗುರುದೀಕ್ಷೆಗೆ ಸಂಬಂಧವಿಲ್ಲ. ಅದು ಕ್ಯಾಥೊಲಿಕರಲ್ಲಿ ಇಂದಿಗೂ ಗಂಡಸರಿಗಷ್ಟೇ.

ಇನ್ನು ಓದುವ ವಿಷಯ. ಭಾನುವಾರ ಇಗರ್ಜಿಗೆ ಹೋಗುವ ಯಾರನ್ನಾದರೂ ಕೇಳಿ, ನಗುತ್ತಾರೆ. ವಾಚನ ಓದುವವರು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು, ಗಾಯನ ಮುನ್ನಡೆಸುವವರು ಎಷ್ಟೋ ಕಡೆ ಹೆಂಗಸರೇ. ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಒಯ್ಯುವ ಸಿಸ್ಟರುಗಳೂ ಇದ್ದಾರೆ. ಕಾನೂನು ತಡವಾಗಿ ಬಂತು, ಕೆಲಸ ಮೊದಲೇ ನಡೆದಿತ್ತು.

ಅದೇ ಸಂದೇಶದ ಬಾಲದಲ್ಲಿ ‘ಬೈಬಲಿನಲ್ಲಿ ಹೆಣ್ಣಿಗೆ ಸೇವೆಯ ಸ್ಥಾನವೇ ಇಲ್ಲ’ ಎಂದೂ ಇದೆ. ಬೈಬಲಿನಲ್ಲಿ ಪ್ರೇಷಿತ ಪೌಲ ರೋಮನ್ನರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದು ನೋಡಿ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಆದರದಿಂದ ಬರಮಾಡಿಕೊಳ್ಳಿ, ಆಕೆ ಅನೇಕರಿಗೂ ನನಗೂ ಸಹಾಯ ಮಾಡಿದವಳು ಎನ್ನುತ್ತಾನೆ ಪೌಲ. ಕೆಂಖ್ರೆ, ನಮ್ಮ ಕಾರವಾರದ ಹಾಗೆಯೇ, ಗ್ರೀಸಿನ ಬಂದರು ಊರಾಗಿತ್ತು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇರಬಹುದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯಲ್ಲಿ ಹೆಂಗಸರಿಗೆ ದೀಕ್ಷೆಯುಂಟು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ಪರೇ ಆದರು. ಆದರೆ ಆ ಸಭೆ ಪೋಪರ ಅಧೀನದ್ದಲ್ಲ.